ಕ್ರೈಸ್ತ ಪ್ರಾರ್ಥನೆ ಕೊಡುವ ವಿಶ್ರಾಂತಿ

ಕ್ರೈಸ್ತರ ಪ್ರಾರ್ಥನೆಯಲ್ಲಿ ಬೇಡಿಕೆಗೆ ಜಾಗವಿದೆ. ಯೇಸು ಶಿಷ್ಯರಿಗೆ ಕಲಿಸಿಕೊಟ್ಟ ಪ್ರಾರ್ಥನೆಯಲ್ಲೇ ಅಂದಿನ ಅನ್ನವನ್ನು ಕೇಳುವ ಮಾತಿದೆ. ಕೃತಜ್ಞತೆ, ಸ್ತುತಿ, ಪಾಪದ ಅರಿಕೆ ಇವೂ ಅದರ ಅಂಗಗಳೇ. ಇವೆಲ್ಲದರ ಜೊತೆಗೆ, ಎಷ್ಟೋ ಭಕ್ತರು ಪ್ರಾರ್ಥನೆಯ ಹೃದಯವೆಂದು ಹೇಳಿರುವ ಇನ್ನೊಂದು ಕೆಲಸವಿದೆ: ತಾನು ಹೊತ್ತ ಭಾರವನ್ನು ದೇವರ ಕೈಗೆ ಒಪ್ಪಿಸುವುದು, ಒಪ್ಪಿಸಿದ ಮೇಲೆ ಆ ಕೈಯನ್ನು ನಂಬಿ ನೆಮ್ಮದಿಯಿಂದಿರುವುದು. ಈ ನೆಮ್ಮದಿಯನ್ನು ಕ್ರೈಸ್ತರು ವಿಶ್ರಾಂತಿ ಎಂದು ಕರೆಯುತ್ತಾರೆ. ಅದು ಕಷ್ಟ ತೀರಿದ ಮೇಲೆ ಸಿಗುವ ಬಿಡುವಿನಿಂದ ಬೇರೆಯಾದದ್ದು. ಅದರ ಬಗ್ಗೆ ಬರೆದವರನ್ನು ಒಬ್ಬೊಬ್ಬರಾಗಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ತಲೆಮರೆಸಿಕೊಂಡ ಅರಸ, ಸೆರೆಮನೆಯ ಕೈದಿ, ಕ್ಷಯರೋಗಿ, ಮುತ್ತಿಗೆಗೆ ಸಿಕ್ಕ ನಗರದ ಮುದಿ ಬಿಷಪ್, ಅಡುಗೆಮನೆಯ ಕುಂಟ ಸನ್ಯಾಸಿ. ಹಾಯಾಗಿ ಬದುಕಿದವರು ಅವರಲ್ಲಿ ತೀರ ಕಡಿಮೆ.

ಇದರ ಬೇರು ಯೆಹೂದ್ಯರ ಸಬ್ಬತ್ತಿನಲ್ಲಿದೆ. ವಾರದ ಏಳನೆಯ ದಿನ ಕೆಲಸ ನಿಲ್ಲಿಸಬೇಕೆಂಬ ಆಜ್ಞೆಗೆ ಹಳೆಯ ಒಡಂಬಡಿಕೆ ಎರಡು ಕಾರಣ ಕೊಡುತ್ತದೆ. ವಿಮೋಚನಕಾಂಡದ ಪ್ರಕಾರ, ಸೃಷ್ಟಿಯ ಕೆಲಸ ಮುಗಿಸಿ ದೇವರೇ ಆ ದಿನ ವಿಶ್ರಮಿಸಿದರು. ಧರ್ಮೋಪದೇಶಕಾಂಡ ನೆನಪಿಸುವುದು ಬೇರೊಂದು ಸಂಗತಿಯನ್ನು: ಇಸ್ರಾಯೇಲ್ಯರು ಐಗುಪ್ತದಲ್ಲಿ ಗುಲಾಮರಾಗಿದ್ದರು, ದೇವರು ಅವರನ್ನು ಬಿಡಿಸಿ ತಂದರು, ಹಾಗಾಗಿ ಅವರ ಮನೆಯ ಆಳುಗಳಿಗೂ ಎತ್ತು ಕತ್ತೆಗಳಿಗೂ ಆ ದಿನ ಬಿಡುವು ಸಿಗಬೇಕು. ಈ ಎರಡನೆಯ ಕಾರಣ ಹೆಚ್ಚು ಆಳವಾದದ್ದು. ಕೆಲಸ ನಿಲ್ಲಿಸುವ ಅಧಿಕಾರ ಗುಲಾಮನಿಗಿಲ್ಲ. ಒಂದು ದಿನ ಕೈಕಟ್ಟಿ ಕೂರುವವನು, ತನ್ನ ಬದುಕು ತನ್ನ ದುಡಿಮೆಯೊಂದರಿಂದಲೇ ನಡೆಯುತ್ತಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಮರುಭೂಮಿಯಲ್ಲಿ ಸುರಿದ ಮನ್ನದ ಕಥೆ ಇದನ್ನೇ ಕಲಿಸುತ್ತದೆ. ಆಯಾ ದಿನಕ್ಕೆ ಬೇಕಾದಷ್ಟನ್ನೇ ಕೂಡಿಸಿಕೊಳ್ಳಬೇಕಿತ್ತು. ನಾಳೆಗೆಂದು ಬಚ್ಚಿಟ್ಟದ್ದಕ್ಕೆ ಹುಳ ಬೀಳುತ್ತಿತ್ತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡರಷ್ಟು ಸಿಗುತ್ತಿತ್ತು.

ಸಬ್ಬತ್ತು ವಾರಕ್ಕೊಮ್ಮೆ ಕಲಿಸಿದ್ದನ್ನು ಕೀರ್ತನೆಗಳ ಗ್ರಂಥ ದಿನನಿತ್ಯದ ಮಾತಾಗಿಸಿತು. ಬೈಬಲಿನ ನಡುವೆ ಇರುವ ಈ 150 ಹಾಡುಗಳು ಯೆಹೂದ್ಯರಿಗೂ ಕ್ರೈಸ್ತರಿಗೂ ಪ್ರಾರ್ಥನಾ ಪುಸ್ತಕ. ಮೊದಲ ಸಲ ಓದುವವರಿಗೆ ಇವುಗಳಲ್ಲಿರುವ ದೂರು ಅಚ್ಚರಿ ತರುತ್ತದೆ. ಸುಮಾರು ಮೂರರಲ್ಲೊಂದು ಭಾಗ ಗೋಳಾಟವೇ. ಎಷ್ಟು ಕಾಲ ಮರೆತಿರುವೆ, ಯಾಕೆ ದೂರ ನಿಂತಿರುವೆ ಎಂದು ಭಕ್ತ ದೇವರನ್ನು ನೇರವಾಗಿ ಕೇಳುತ್ತಾನೆ. ಹೆಚ್ಚಿನ ಗೋಳಿನ ಕೀರ್ತನೆಗಳು ಕೊನೆಗೆ ಭರವಸೆಯತ್ತ ತಿರುಗುತ್ತವೆ. 88ನೆಯ ಕೀರ್ತನೆ ತಿರುಗುವುದಿಲ್ಲ. ಕತ್ತಲೆಯ ಮಾತಿನಲ್ಲೇ ಅದು ಮುಗಿಯುತ್ತದೆ. ಅಂಥದೊಂದು ಹಾಡನ್ನು ಗ್ರಂಥದಿಂದ ತೆಗೆದುಹಾಕದೆ ಉಳಿಸಿಕೊಂಡವರು ದೊಡ್ಡ ಉಪಕಾರ ಮಾಡಿದ್ದಾರೆ. ಸಮಾಧಾನ ಸಿಗದವನ ಮಾತೂ ಪ್ರಾರ್ಥನೆಯೇ ಎಂಬುದಕ್ಕೆ ಅದು ಆಧಾರ. ದೇವರನ್ನು ನಂಬುವುದೆಂದರೆ ಅಳುವನ್ನು ಅದುಮಿಡುವುದು ಎಂದು ತಿಳಿದವರು ಈ ಗ್ರಂಥವನ್ನು ಮತ್ತೆ ತೆರೆದು ನೋಡಬೇಕು.

ಮೂರನೆಯ ಕೀರ್ತನೆಯ ತಲೆಬರಹ, ಮಗ ಅಬ್ಷಾಲೋಮನ ದಂಗೆಗೆ ಅಂಜಿ ದಾವೀದ ಓಡಿಹೋದ ಹೊತ್ತಿನ ಹಾಡು ಅದೆಂದು ಹೇಳುತ್ತದೆ. ಸುತ್ತ ಶತ್ರುಗಳಿದ್ದರೂ ತಾನು ಮಲಗಿದೆ, ನಿದ್ದೆ ಮಾಡಿದೆ, ಎದ್ದೆ ಎಂದು ಅದರಲ್ಲಿ ಹೇಳಿಕೊಳ್ಳುವ ಭಕ್ತನಿಗೆ ನಂಬಿಕೆಯ ಗುರುತೇ ನಿದ್ದೆ. 131ನೆಯ ಕೀರ್ತನೆ ಇನ್ನೂ ಚಿಕ್ಕದು, ಮೂರೇ ವಚನ. ಜೆರೂಸಲೇಮಿಗೆ ನಡೆಯುವವರು ಹಾಡುತ್ತಿದ್ದರೆನ್ನಲಾದ ಯಾತ್ರಾಗೀತೆಗಳಲ್ಲಿ ಒಂದು. ತನ್ನ ಅಳವಿಗೆ ಮೀರಿದ ದೊಡ್ಡ ಸಂಗತಿಗಳಿಗೆ ಕೈಹಾಕುವುದಿಲ್ಲವೆಂದು ಹೇಳಿ, ಮೊಲೆ ಬಿಡಿಸಿದ ಮಗು ತಾಯಿಯ ಬಳಿ ಇರುವಂತೆ ತನ್ನ ಪ್ರಾಣವಿದೆ ಎನ್ನುತ್ತಾನೆ ಹಾಡುಗಾರ. ಇಲ್ಲಿ ಮೊಲೆ ಬಿಡಿಸಿದ ಮಗು ಎಂಬುದನ್ನು ಗಮನಿಸಬೇಕು. ಹಾಲು ಕುಡಿಯುವ ಕೂಸು ತಾಯಿಯ ಹತ್ತಿರ ಬಂದಾಗ ಹಾಲಿಗಾಗಿ ತಡಕಾಡುತ್ತದೆ. ಹಾಲು ಬಿಟ್ಟ ಮಗುವಿಗೆ ತಾಯಿಯೇ ಸಾಕು. ಬಿಡಿಸುವಾಗಿನ ಅಳು, ಹಟ, ರಾತ್ರಿಯ ರಂಪ ಎಲ್ಲ ಮುಗಿದ ಮೇಲಿನ ನೆಮ್ಮದಿ ಅದು. ದೇವರು ಕೊಡುವುದರಿಂದ ದೇವರ ಕಡೆಗೆ ಮನಸ್ಸು ತಿರುಗುವ ಬಗೆಯನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಬರಹ ಬೈಬಲಿನಲ್ಲಿ ಇನ್ನೊಂದು ಇಲ್ಲವೆನ್ನಬಹುದು.

ಯೇಸುವಿನ ಬೋಧನೆಯಲ್ಲಿ ಈ ವಿಷಯ ಬರುವುದು ಮತ್ತಾಯನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯದ ಕೊನೆಯಲ್ಲಿ. ದುಡಿದು ಬಳಲಿದವರನ್ನೂ ಹೊರೆ ಹೊತ್ತವರನ್ನೂ ಅವರು ತಮ್ಮ ಬಳಿಗೆ ಕರೆದು ವಿಶ್ರಾಂತಿಯ ಮಾತು ಕೊಡುತ್ತಾರೆ. ಕರೆದ ಬೆನ್ನಿಗೇ ತಮ್ಮ ನೊಗವನ್ನು ಹೊರಿರಿ ಎನ್ನುತ್ತಾರೆ. ದಣಿದವರ ಹೆಗಲಿಗೆ ನೊಗವೇ ಎಂದು ಕೇಳಬಹುದು. ನೊಗ ಸಾಮಾನ್ಯವಾಗಿ ಜೋಡಿಗೆ ಕಟ್ಟುವಂಥದ್ದು. ಹದವಾಗಿ ಕೂತ ನೊಗ ಕತ್ತನ್ನು ಕೊರೆಯುವುದಿಲ್ಲ ಎಂಬುದು ಉಳುವವರಿಗೆ ಗೊತ್ತು. ಹೀಗೆ ಕ್ರೈಸ್ತರ ವಿಶ್ರಾಂತಿಯಲ್ಲಿ ಕೆಲಸ ನಿಲ್ಲುವುದಿಲ್ಲ. ಒಂಟಿಯಾಗಿ ಎಳೆಯುತ್ತಿದ್ದ ಹೊರೆಗೆ ಜೊತೆಗಾರ ಸಿಗುತ್ತಾನೆ. ಅದೇ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಆಕಾಶದ ಹಕ್ಕಿ, ಹೊಲದ ಹೂಗಳನ್ನು ತೋರಿಸಿ ನಾಳೆಯ ಚಿಂತೆ ಬೇಡವೆಂದು ಯೇಸು ಹೇಳುವುದನ್ನೂ ಇದರೊಂದಿಗೆ ಓದಬೇಕು. ಅವರ ಮಾತು ಕೇಳುತ್ತಿದ್ದವರು ಬಹುಪಾಲು ಗಲಿಲಾಯದ ಬಡವರು. ಉಡುವುದು, ಉಣ್ಣುವುದು ಅವರಿಗೆ ನಿಜವಾದ ಚಿಂತೆಯೇ ಆಗಿತ್ತು.

ನಂಬಿಕೆಯ ಪ್ರಾರ್ಥನೆಗೆ ಕ್ರೈಸ್ತರು ಮಾದರಿಯಾಗಿ ಇಟ್ಟುಕೊಂಡಿರುವುದು ಗೆತ್ಸೇಮನೆಯ ರಾತ್ರಿಯನ್ನು. ಬಂಧನಕ್ಕೆ ಮುಂಚೆ ಎಣ್ಣೆಮರಗಳ ತೋಪಿನಲ್ಲಿ ಯೇಸು ನೆಲಕ್ಕೆ ಬಿದ್ದು ಪ್ರಾರ್ಥಿಸುತ್ತಾರೆ. ಸಾಧ್ಯವಾದರೆ ಈ ಸಂಕಟದ ಪಾತ್ರೆ ತಪ್ಪಲಿ ಎಂದು ಮೊದಲು ಬಾಯಿಬಿಟ್ಟು ಕೇಳುತ್ತಾರೆ. ತನ್ನ ಚಿತ್ತವಲ್ಲ, ತಂದೆಯ ಚಿತ್ತ ನೆರವೇರಲಿ ಎಂಬ ಮಾತು ಆಮೇಲಿನದು. ಈ ಎರಡು ಮಾತಿನ ಅನುಕ್ರಮ ಮುಖ್ಯ. ಮನಸ್ಸಿನಲ್ಲಿರುವುದನ್ನು ಹೇಳದೆಯೇ ಎಲ್ಲವೂ ದೇವರ ಚಿತ್ತ ಎಂದುಬಿಡುವ ಪ್ರಾರ್ಥನೆಗಿಂತ, ಹೇಳಿ ಆಮೇಲೆ ಒಪ್ಪಿಸುವ ಪ್ರಾರ್ಥನೆ ಹೆಚ್ಚು ಪ್ರಾಮಾಣಿಕ. ಅದೂ ಒಮ್ಮೆಗೆ ಆಗಿಬಿಡಲಿಲ್ಲ. ಅದೇ ಪ್ರಾರ್ಥನೆಗಾಗಿ ಅವರು ಮೂರು ಸಲ ಹೋದರೆಂದು ಮತ್ತಾಯ ಬರೆಯುತ್ತಾನೆ. ಮರುದಿನ ಶಿಲುಬೆಯ ಮೇಲೆ ಅವರು ಆಡಿದ ಕೊನೆಯ ಮಾತು, ಲೂಕನ ಪ್ರಕಾರ, 31ನೆಯ ಕೀರ್ತನೆಯಿಂದ ತೆಗೆದದ್ದು: ತನ್ನ ಆತ್ಮವನ್ನು ದೇವರ ಕೈಗೆ ಒಪ್ಪಿಸುವ ವಚನ. ಯೆಹೂದ್ಯ ಸಂಪ್ರದಾಯದಲ್ಲಿ ಅದು ಮಲಗುವ ಮುನ್ನ ಹೇಳುವ ವಚನವಾಗಿ ಉಳಿದಿದೆ. ಕ್ರೈಸ್ತ ಮಠಗಳ ರಾತ್ರಿ ಪ್ರಾರ್ಥನೆಯಲ್ಲಿಯೂ ಅದಕ್ಕೆ ಜಾಗವಿದೆ.

ಯೇಸುವಿನ ನಂತರ ಅವರ ಸುವಾರ್ತೆ ಸಾರಿದ ಪೌಲ ಫಿಲಿಪ್ಪಿ ಪಟ್ಟಣದ ಸಭೆಗೆ, ಯಾವುದಕ್ಕೂ ಚಿಂತಿಸದೆ ಎಲ್ಲವನ್ನೂ ಕೃತಜ್ಞತೆಯೊಂದಿಗೆ ದೇವರಿಗೆ ತಿಳಿಸಿ ಎಂದು ಬರೆದ. ಬರೆಯುವಾಗ ಅವನು ಬೇಡಿ ತೊಟ್ಟ ಕೈದಿ. ಇಬ್ರಿಯರಿಗೆ ಬರೆದ ಪತ್ರ ದೇವಜನರಿಗೆ ಸಬ್ಬತ್ತಿನ ವಿಶ್ರಾಂತಿಯೊಂದು ಇನ್ನೂ ಉಳಿದಿದೆ ಎನ್ನುತ್ತದೆ, ಮರುಕ್ಷಣವೇ ಅದರೊಳಗೆ ಸೇರಲು ಶ್ರಮಪಡಿರಿ ಎನ್ನುತ್ತದೆ.

ಮಾನವ ಹೃದಯದ ಅಶಾಂತಿಯನ್ನೂ ದೇವರಲ್ಲಿ ಸಿಗುವ ವಿಶ್ರಾಂತಿಯನ್ನೂ ಒಂದೇ ಕಥೆಯಾಗಿ ಹೇಳಿದವನು ಅಗಸ್ಟೀನ್. ಉತ್ತರ ಆಫ್ರಿಕದ ತಗಾಸ್ತೆಯಲ್ಲಿ 354ರಲ್ಲಿ ಹುಟ್ಟಿ, ಭಾಷಣಕಲೆಯ ಮೇಷ್ಟ್ರಾಗಿ ಕಾರ್ಥೇಜ್, ರೋಮ್, ಮಿಲಾನ್ ಸುತ್ತಿ, ಹೆಸರು, ಸುಖ, ಹಲವು ತತ್ವಪಂಥಗಳನ್ನೆಲ್ಲ ನೋಡಿದ ಮೇಲೆ 387ರ ಈಸ್ಟರ್ ರಾತ್ರಿ ಬಿಷಪ್ ಆಂಬ್ರೋಸನಿಂದ ಸ್ನಾನದೀಕ್ಷೆ ಪಡೆದ. ಸುಮಾರು ಹತ್ತು ವರ್ಷಗಳ ಬಳಿಕ ಬರೆಯತೊಡಗಿದ 'ಕನ್ಫೆಷನ್ಸ್' ಆತ್ಮಕಥೆಯೆಂದು ಹೆಸರಾಗಿದೆ. ಆದರೆ ಅದು ಆದಿಯಿಂದ ಅಂತ್ಯದವರೆಗೆ ದೇವರನ್ನು ಉದ್ದೇಶಿಸಿ ಬರೆದ ಪ್ರಾರ್ಥನೆ. ಹದಿಮೂರು ಭಾಗಗಳ ಆ ಕೃತಿ ತೊಡಗುವುದು, ದೇವರಲ್ಲಿ ನೆಲೆ ಕಾಣುವವರೆಗೆ ಮನುಷ್ಯನ ಹೃದಯ ತಳಮಳಿಸುತ್ತಲೇ ಇರುತ್ತದೆ ಎಂಬ ಅರಿಕೆಯಿಂದ; ಮುಗಿಯುವುದು ಸಂಜೆಯಿಲ್ಲದ ಏಳನೆಯ ದಿನದ ಶಾಂತಿಯನ್ನು ಬೇಡುತ್ತ. ಅವನ ಅಶಾಂತಿ ದೀಕ್ಷೆಯೊಂದಿಗೆ ಮಾಯವಾಗಲಿಲ್ಲವೆಂದು ಹತ್ತನೆಯ ಭಾಗವನ್ನು ಓದಿದವರಿಗೆ ತಿಳಿಯುತ್ತದೆ. ಬಿಷಪ್ ಆದ ಮೇಲೂ ತನ್ನನ್ನು ಕಾಡುವ ಆಸೆಗಳನ್ನು ಅಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. 430ರಲ್ಲಿ ವ್ಯಾಂಡಲರು ಅವನು ಬಿಷಪ್ ಆಗಿದ್ದ ಹಿಪ್ಪೋ ನಗರಕ್ಕೆ ಮುತ್ತಿಗೆ ಹಾಕಿದ್ದಾಗ ಅವನು ಜ್ವರದಿಂದ ಮಲಗಿದ್ದ. ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ, ಹಾಸಿಗೆಯಿಂದ ಕಾಣುವಂತೆ ಗೋಡೆಗೆ ಹಾಕಿಸಿಕೊಂಡು, ಕಣ್ಣೀರಿನೊಂದಿಗೆ ಓದುತ್ತಿದ್ದನೆಂದು ಶಿಷ್ಯ ಪೊಸ್ಸಿಡಿಯಸ್ ದಾಖಲಿಸಿದ್ದಾನೆ.

ಅದೇ ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಗೆ ಸಾವಿರಾರು ಜನ ಪ್ರಾರ್ಥನೆಗೆಂದು ಹೋಗಿ ನೆಲೆಸಿದರು. ಮೌನ ಸಿಕ್ಕರೆ ಮನಸ್ಸು ತಾನಾಗಿ ಶಾಂತವಾಗುವುದಿಲ್ಲ ಎಂಬುದನ್ನು ಚೆನ್ನಾಗಿ ಅರಿತವರು ಇವರೇ. ಅವರಲ್ಲೊಬ್ಬನಾದ ಇವಾಗ್ರಿಯಸ್, ನಡುಹಗಲಲ್ಲಿ ಸನ್ಯಾಸಿಯನ್ನು ಹಿಡಿಯುವ ಬೇಸರದ ಬಗ್ಗೆ ಬರೆದಿರುವುದು ಇಂದಿನ ಓದುಗನಿಗೂ ಪರಿಚಿತವೆನಿಸುತ್ತದೆ. ಹೊತ್ತು ಸರಿಯುವುದೇ ಇಲ್ಲ. ಕಣ್ಣು ಪದೇ ಪದೇ ಕಿಟಕಿಯತ್ತ ಹೋಗುತ್ತದೆ. ಬೇರೆ ಊರು, ಬೇರೆ ಕಸುಬು, ಬೇರೆ ಜನರ ಸಹವಾಸವೇ ಒಳ್ಳೆಯದೆನಿಸುತ್ತದೆ. ಅಲೆಯುವ ಈ ಮನಸ್ಸಿಗೆ ಹಿಡಿದುಕೊಳ್ಳಲು ಒಂದು ಚಿಕ್ಕ ಮಾತು ಬೇಕೆಂದು ಹಿರಿಯರು ಕಂಡುಕೊಂಡರು. ದೇವರೇ, ನೆರವಿಗೆ ಬೇಗ ಬಾ ಎಂದು ಕರೆಯುವ ಕೀರ್ತನೆಯ ವಚನವನ್ನು ಕೆಲಸದಲ್ಲೂ ಪಯಣದಲ್ಲೂ ನಿದ್ದೆಗೆ ಜಾರುವಾಗಲೂ ಹೇಳಿಕೊಳ್ಳಬೇಕೆಂಬ ಅವರ ಕಲಿಕೆಯನ್ನು ಜಾನ್ ಕ್ಯಾಸಿಯನ್ ಪಶ್ಚಿಮ ಯೂರೋಪಿಗೆ ತಲುಪಿಸಿದ.

ಪೂರ್ವದ ಸಭೆಗಳಲ್ಲಿ ಇದೇ ಬಗೆಯ ಅಭ್ಯಾಸ 'ಯೇಸು ಪ್ರಾರ್ಥನೆ'ಯಾಗಿ ಬೆಳೆಯಿತು. ಯೇಸುವಿನ ಹೆಸರು ಹಿಡಿದು ಕರುಣೆ ಬೇಡುವ ಒಂದೇ ವಾಕ್ಯವನ್ನು ನಿಧಾನವಾಗಿ, ಕೆಲವರು ಉಸಿರಾಟದ ಲಯಕ್ಕೆ ಹೊಂದಿಸಿ, ಗಂಟು ಹಾಕಿದ ದಾರವನ್ನು ಎಣಿಸುತ್ತ ಹೇಳುತ್ತಾರೆ. ಗ್ರೀಸಿನ ಅಥೋಸ್ ಬೆಟ್ಟದ ಮಠಗಳು ಇದಕ್ಕೆ ಹೆಸರುವಾಸಿ. ಹದಿನಾಲ್ಕನೆಯ ಶತಮಾನದಲ್ಲಿ ಬಾರ್ಲಾಮ್ ಎಂಬ ವಿದ್ವಾಂಸ ಈ ಸಾಧಕರನ್ನು ಗೇಲಿ ಮಾಡಿದಾಗ ಗ್ರೆಗರಿ ಪಲಾಮಾಸ್ ಅವರ ಪರವಾಗಿ ವಾದಿಸಿದ. ಕಾನ್‌ಸ್ಟಾಂಟಿನೋಪಲಿನ ಸಭಾಸಮ್ಮೇಳನಗಳು 1341 ಮತ್ತು 1351ರಲ್ಲಿ ಪಲಾಮಾಸನ ಪರ ತೀರ್ಪು ಕೊಟ್ಟವು. ಈ ಪರಂಪರೆಯ ಬರಹಗಳ ದೊಡ್ಡ ಸಂಕಲನ 'ಫಿಲೊಕಾಲಿಯ' ವೆನಿಸ್‌ನಲ್ಲಿ 1782ರಲ್ಲಿ ಅಚ್ಚಾಯಿತು. ನಾಮಜಪ ಬಲ್ಲ ಕನ್ನಡಿಗರಿಗೆ ಈ ಅಭ್ಯಾಸದ ಹೊರರೂಪ ಹೊಸದೆನಿಸದು. ಆದರೆ ಉಸಿರು, ಎಣಿಕೆ ಇವು ಬರೀ ಆಸರೆಗಳು, ಶಾಂತಿ ಬರುವುದು ಕರೆಗೆ ಓಗೊಡುವ ಕ್ರಿಸ್ತನಿಂದ ಎಂದು ಆ ಗುರುಗಳು ಮತ್ತೆ ಮತ್ತೆ ಎಚ್ಚರಿಸುತ್ತಾರೆ.

ಪಶ್ಚಿಮದಲ್ಲಿ ಆರನೆಯ ಶತಮಾನದ ಬೆನೆಡಿಕ್ಟ್ ತನ್ನ ಮಠದ ನಿಯಮದಲ್ಲಿ ದಿನವಿಡೀ ಪ್ರಾರ್ಥನೆಯ ಹೊತ್ತುಗಳನ್ನು ಗೊತ್ತುಪಡಿಸಿದ. ಅವುಗಳಲ್ಲಿ ಕೊನೆಯದು ಮಲಗುವ ಮುಂಚಿನದು. ಪ್ರತಿ ರಾತ್ರಿ ಅವೇ ಮೂರು ಕೀರ್ತನೆಗಳು, 4, 91 ಮತ್ತು 134. ದೀಪ ಹೆಚ್ಚು ಬೇಕಿರಲಿಲ್ಲ, ಎಲ್ಲರಿಗೂ ಬಾಯಿಪಾಠವಾಗಿದ್ದವು. ಅದಾದ ಮೇಲೆ ಮಠದಲ್ಲಿ ಮಾತಿಲ್ಲ. ಮಠಗಳ ವ್ಯವಸ್ಥೆಯನ್ನು ಖಂಡಿಸಿದ ಮಾರ್ಟಿನ್ ಲೂಥರ್ ಕೂಡ ಈ ರಾತ್ರಿ ಪ್ರಾರ್ಥನೆಯ ಸಾರವನ್ನು ಬಿಟ್ಟುಕೊಡಲಿಲ್ಲ, ಮನೆಮನೆಗೆ ಒಯ್ದ. 1529ರ ಅವನ ಚಿಕ್ಕ ಧರ್ಮಬೋಧೆಯಲ್ಲಿ ಮನೆಯ ಯಜಮಾನ ಮಕ್ಕಳಿಗೂ ಆಳುಗಳಿಗೂ ಕಲಿಸಬೇಕಾದ ಪುಟ್ಟ ಪ್ರಾರ್ಥನೆಗಳಿವೆ. ದೇಹ, ಆತ್ಮ, ಎಲ್ಲವನ್ನೂ ದೇವರ ಕೈಗೆ ಒಪ್ಪಿಸುವ ಸಂಜೆಯ ಪ್ರಾರ್ಥನೆ ಹೇಳಿ ಮುಗಿಸಿದವರಿಗೆ ಅವನು ಕೊಡುವ ಸಲಹೆ, ಆ ಕೂಡಲೇ ಸಂತೋಷದಿಂದ ನಿದ್ದೆಹೋಗಬೇಕೆಂಬುದು. ಲೂಥರ್ ಸ್ವತಃ ಕಾಯಿಲೆ, ಆತಂಕ, ಖಿನ್ನತೆಗಳಿಂದ ನರಳಿದವನು. 1535ರಲ್ಲಿ ತನ್ನ ಕ್ಷೌರಿಕ ಪೀಟರನಿಗಾಗಿ, ಪ್ರಾರ್ಥಿಸುವುದು ಹೇಗೆಂದು ತಿಳಿಸುವ ಪುಸ್ತಿಕೆಯೊಂದನ್ನೂ ಬರೆದುಕೊಟ್ಟ. ಪ್ರಾರ್ಥನೆಯಲ್ಲಿ ಉತ್ಸಾಹ ಕುಂದಿದಾಗ ತಾನು ಕೀರ್ತನೆ ಹಿಡಿದು ಕೋಣೆಗೋ ಚರ್ಚಿಗೋ ಹೋಗುತ್ತೇನೆಂದು ಅದರಲ್ಲಿ ಸರಳವಾಗಿ ಹೇಳಿದ್ದಾನೆ.

ಪ್ರಾರ್ಥನೆಯ ಒಳದಾರಿಯನ್ನು ಅತ್ಯಂತ ವಿವರವಾಗಿ ಬರೆದವರು ಸ್ಪೇನಿನ ಆವಿಲದ ತೆರೇಸಾ (1515–1582). ಕಾರ್ಮೆಲ್ ಸಂಘವನ್ನು ಸುಧಾರಿಸಿದ ಈ ಸನ್ಯಾಸಿನಿ ತಮ್ಮ ಜೀವನಕಥೆಯಲ್ಲಿ ಪ್ರಾರ್ಥನೆಯನ್ನು ತೋಟಕ್ಕೆ ನೀರು ಹಾಯಿಸುವ ನಾಲ್ಕು ಬಗೆಗಳಿಗೆ ಹೋಲಿಸುತ್ತಾರೆ. ಮೊದಲು ಬಾವಿಯಿಂದ ಸೇದಿ ಹೊರಬೇಕು. ರಟ್ಟೆ ಸೋಲುತ್ತದೆ, ಸಿಗುವ ನೀರು ಕಡಿಮೆ. ಆಮೇಲೆ ರಾಟೆ ಕಟ್ಟಿದರೆ ಶ್ರಮ ತಗ್ಗಿ ನೀರು ಹೆಚ್ಚುತ್ತದೆ. ಮೂರನೆಯದು ಹೊಳೆಯಿಂದ ಕಾಲುವೆ ತರುವುದು. ನಾಲ್ಕನೆಯದು ಮಳೆ, ಅಲ್ಲಿ ತೋಟಗಾರನ ಕೆಲಸವೇ ಇಲ್ಲ. ಮಳೆಯನ್ನು ಯಾರೂ ತರಿಸಲಾರರು, ಸೇದುವುದನ್ನಂತೂ ನಿಲ್ಲಿಸಬಾರದು ಎಂಬುದು ಅವರ ಅನುಭವದ ಮಾತು. ಹಲವು ವರ್ಷ ತಮಗೆ ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುವುದೋ ಎಂಬ ಕಡೆಗೇ ಗಮನವಿರುತ್ತಿತ್ತೆಂದು ಅವರು ಬರೆದುಕೊಂಡಿದ್ದಾರೆ. ಸಂತರೆನಿಸಿಕೊಂಡವರು ಇದನ್ನು ಹೇಳಿಟ್ಟದ್ದರಿಂದ ಎಷ್ಟೋ ಸಾಮಾನ್ಯರು ಧೈರ್ಯ ತಂದುಕೊಂಡಿದ್ದಾರೆ. ಪ್ರಾರ್ಥನೆಯೆಂದರೆ ತಮ್ಮನ್ನು ಪ್ರೀತಿಸುವರೆಂದು ಗೊತ್ತಿರುವ ಗೆಳೆಯರೊಬ್ಬರ ಜೊತೆ ಆಗಾಗ ಒಂಟಿಯಾಗಿ ಕೂರುವುದು ಎಂಬುದು ತೆರೇಸಾರ ತಿಳಿವಳಿಕೆ.

ತೆರೇಸಾರ ಕಾರ್ಮೆಲ್ ಮಂಗಳೂರಿನಲ್ಲೂ ಬೇರೂರಿತು. ಫ್ರಾನ್ಸಿನ ಪೋ ನಗರದ ಕಾರ್ಮೆಲ್‌ನಿಂದ 1870ರಲ್ಲಿ ಹೊರಟ ಸನ್ಯಾಸಿನಿಯರ ತಂಡದಲ್ಲಿ ಮೂವರು ಪಯಣದ ಕಷ್ಟಕ್ಕೆ ದಾರಿಯಲ್ಲೇ ತೀರಿಕೊಂಡರು. ಉಳಿದವರಲ್ಲಿ ಗಲಿಲಾಯದ ಇಬಿಲ್ಲಿನ್ ಹಳ್ಳಿಯ ಅರಬ್ ಯುವತಿ ಮರಿಯಮ್ ಬವಾರ್ದಿ ಇದ್ದರು. ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಮನೆಗೆಲಸ ಮಾಡಿ ಬೆಳೆದ, ಓದುಬರಹ ಹೆಚ್ಚು ಬಾರದ ಹುಡುಗಿ. 1871ರ ನವೆಂಬರಿನಲ್ಲಿ ಅವರು ವ್ರತವಚನ ಕೊಟ್ಟದ್ದು ಮಂಗಳೂರಿನಲ್ಲೇ. ಅವರ ಅಸಾಮಾನ್ಯ ಅನುಭವಗಳನ್ನು ಕೆಲವರು ನಂಬದೆ ಹೋದದ್ದರಿಂದ ಮರುವರ್ಷ ಫ್ರಾನ್ಸಿಗೆ ಮರಳಬೇಕಾಯಿತು. ಮುಂದೆ ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಕಟ್ಟುವ ಕೆಲಸದಲ್ಲಿದ್ದಾಗ ಬಿದ್ದು ಗಾಯಗೊಂಡು 1878ರಲ್ಲಿ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಕರಾವಳಿಯ ಮಣ್ಣಿನ ಮೇಲೆ ನಡೆದಾಡಿದ ಈ ಸಂತರ ಹೆಸರು ಕರ್ನಾಟಕದಲ್ಲಿ ಇನ್ನಷ್ಟು ಜನಕ್ಕೆ ಗೊತ್ತಿರಬೇಕಿತ್ತು.

ಅದೇ ಕಾರ್ಮೆಲ್ ಕುಟುಂಬಕ್ಕೆ ಸೇರಿದ ಬ್ರದರ್ ಲಾರೆನ್ಸ್ ಬರೆದದ್ದು ಕೆಲವೇ ಪತ್ರ, ಆದರೆ ಓದುಗರು ಕ್ಯಾಥೊಲಿಕ್, ಪ್ರಾಟೆಸ್ಟಂಟ್ ಎರಡೂ ಕಡೆ ಇದ್ದಾರೆ. ಲೊರೇನ್ ಪ್ರಾಂತ್ಯದ ನಿಕೊಲಾ ಹೆರ್ಮನ್ ಮೂವತ್ತು ವರ್ಷಗಳ ಯುದ್ಧದಲ್ಲಿ ಸೈನಿಕನಾಗಿ ಗಾಯಗೊಂಡು, ಮುಂದೆ ಪ್ಯಾರಿಸಿನ ಕಾರ್ಮೆಲ್ ಮಠ ಸೇರಿ ಅಡುಗೆಮನೆಯಲ್ಲಿ ಕೆಲಸಕ್ಕೆ ನಿಂತ. ಕಾಲು ಸೋತ ಮೇಲೆ ಚಪ್ಪಲಿ ಹೊಲಿಯುವ ಕೆಲಸ ಸಿಕ್ಕಿತು. ಅಡುಗೆ ಅವನಿಗೆ ಹಿಡಿಸದ ಕೆಲಸ. ಪ್ರಾರ್ಥನೆಯ ಹೊತ್ತಿಗೂ ಪಾತ್ರೆಗಳ ಗದ್ದಲದ ಹೊತ್ತಿಗೂ ವ್ಯತ್ಯಾಸ ಉಳಿಯದಂತೆ ದೇವರ ಸನ್ನಿಧಿಯನ್ನು ನೆನೆಯುವುದನ್ನು ಅವನು ರೂಢಿಸಿಕೊಂಡ. ಮನಸ್ಸು ಅಲೆದಾಗ ತನ್ನನ್ನು ಬೈದುಕೊಳ್ಳದೆ ಸುಮ್ಮನೆ ಮರಳಿ ತರುತ್ತಿದ್ದ. ಈ ಹಂತ ತಲುಪುವ ಮೊದಲು ಸುಮಾರು ಹತ್ತು ವರ್ಷ, ತಾನು ದೇವರಿಗೆ ಬೇಡದವನೆಂಬ ಭಯದಲ್ಲಿ ಬಳಲಿದ್ದ. ಆ ಭಯದಿಂದ ಬಿಡುಗಡೆ ಸಿಕ್ಕದ್ದು, ಜೀವನಪೂರ್ತಿ ಹೀಗೇ ಇದ್ದರೂ ಸರಿ, ದೇವರನ್ನು ಪ್ರೀತಿಸುತ್ತೇನೆ ಎಂದು ಅವನು ಒಪ್ಪಿಕೊಂಡಾಗ. 1691ರಲ್ಲಿ ಅವನು ತೀರಿಕೊಂಡ ನಂತರ ಅವನ ಪತ್ರಗಳನ್ನೂ ಮಾತುಕತೆಯನ್ನೂ ಜೋಸೆಫ್ ದ ಬೊಫೋರ್ ಎಂಬ ಪಾದ್ರಿ ಪ್ರಕಟಿಸಿದ.

ಒಪ್ಪಿಸಿಕೊಡುವ ಈ ಮಾತಿಗೆ ಅಪಾಯವೂ ಇದೆ. ಸ್ಪೇನಿನ ಪಾದ್ರಿ ಮಿಗುವೆಲ್ ದ ಮೊಲಿನೋಸ್ 1675ರಲ್ಲಿ ರೋಮಿನಲ್ಲಿ ಹೊರತಂದ ಪುಸ್ತಕ, ಆತ್ಮ ತಾನಾಗಿ ಏನನ್ನೂ ಮಾಡದೆ ಪೂರ್ಣ ನಿಶ್ಚಲವಾಗಬೇಕೆಂಬ ಪಂಥಕ್ಕೆ ದಾರಿ ಮಾಡಿತು. 1687ರಲ್ಲಿ ಪೋಪ್ ಹನ್ನೊಂದನೆಯ ಇನ್ನೊಸೆಂಟ್ ಆ ಬೋಧನೆಯನ್ನು ಖಂಡಿಸಿದರು. ಮೊಲಿನೋಸ್ ಸೆರೆಯಲ್ಲೇ ಸತ್ತ. ಅವನನ್ನು ನಡೆಸಿಕೊಂಡ ರೀತಿ ಕ್ರೂರವಾಗಿತ್ತು, ಆದರೆ ಸಭೆಯ ಆತಂಕಕ್ಕೆ ಕಾರಣವಿತ್ತು. ಬೇಡಿಕೆ, ಒಳಹೋರಾಟ, ನೆರೆಯವರ ಸೇವೆ ಎಲ್ಲವೂ ವಿಶ್ರಾಂತಿಗೆ ಅಡ್ಡಿಯೆಂದು ತೋರತೊಡಗಿದರೆ, ಗೆತ್ಸೇಮನೆಯ ಮೊದಲ ಮಾತಿಗೆ ಅಲ್ಲಿ ಜಾಗವೇ ಉಳಿಯುವುದಿಲ್ಲ. ಅನ್ಯಾಯ ಸಹಿಸುತ್ತಿರುವವರಿಗೆ ಎಲ್ಲವನ್ನೂ ದೇವರಿಗೆ ಬಿಟ್ಟುಬಿಡಿ ಎಂದು ಉಪದೇಶಿಸುವುದೂ ಇದೇ ತಪ್ಪಿನ ಇನ್ನೊಂದು ರೂಪ. ಹೊಡೆತ ತಿನ್ನುವ ಹೆಂಡತಿಗೆ, ಕೂಲಿ ಸಿಗದ ಆಳಿಗೆ ಆ ಉಪದೇಶ ಕೊಡುವವರು, ಸಬ್ಬತ್ತಿನ ಆಜ್ಞೆ ಗುಲಾಮರ ಬಿಡುಗಡೆಯ ನೆನಪಿನ ಮೇಲೆ ನಿಂತಿದೆ ಎಂಬುದನ್ನು ಮರೆತಿರುತ್ತಾರೆ.

ಪ್ರಾರ್ಥಿಸಿದರೂ ಶಾಂತಿಯ ಅನುಭವ ಬಾರದಿದ್ದರೆ? ಈ ಪ್ರಶ್ನೆಗೆ ಫ್ರಾನ್ಸಿನ ಲಿಸಿಯೂದ ತೆರೇಸಾರ ಬದುಕು ಒಂದು ಉತ್ತರ. ಹದಿನೈದನೆಯ ವಯಸ್ಸಿಗೆ ಕಾರ್ಮೆಲ್ ಸೇರಿದ ಅವರಿಗೆ ಪ್ರಾರ್ಥನೆಯ ಹೊತ್ತಿನಲ್ಲಿ ನಿದ್ದೆ ಬರುತ್ತಿತ್ತು. ನಿದ್ರಿಸುವ ಮಕ್ಕಳೂ ತಂದೆತಾಯಿಗೆ ಎಚ್ಚರವಿರುವ ಮಕ್ಕಳಷ್ಟೇ ಪ್ರಿಯರಲ್ಲವೇ ಎಂದು ಅವರು ತಮ್ಮನ್ನು ಸಂತೈಸಿಕೊಂಡರು. ಕ್ಷಯ ಅಂಟಿದ ಮೇಲೆ, ಕೊನೆಯ ಹದಿನೆಂಟು ತಿಂಗಳು, ಸ್ವರ್ಗವೇ ಇಲ್ಲವೇನೋ ಎಂಬ ಕತ್ತಲೆ ಅವರನ್ನು ಕವಿಯಿತು. ನಂಬಿಕೆ ಭಾವನೆಯಾಗಿ ಉಳಿಯಲಿಲ್ಲ, ನಿರ್ಧಾರವಾಗಿ ಉಳಿಯಿತು. 1897ರಲ್ಲಿ 24ನೆಯ ವಯಸ್ಸಿನಲ್ಲಿ ತೀರಿಕೊಂಡ ಇವರನ್ನು ಕ್ಯಾಥೊಲಿಕ್ ಸಭೆ ನೂರು ವರ್ಷಗಳ ಬಳಿಕ ಧರ್ಮಾಚಾರ್ಯರ ಸಾಲಿಗೆ ಸೇರಿಸಿತು. ಜರ್ಮನಿಯ ಲೂಥರನ್ ಪಾದ್ರಿ ಡೀಟ್ರಿಶ್ ಬೋನ್‌ಹಾಫರ್ ಹಿಟ್ಲರನ ಸೆರೆಯಲ್ಲಿದ್ದಾಗ, 1943ರ ಕ್ರಿಸ್ಮಸ್ಸಿಗೆ ಸಹಕೈದಿಗಳಿಗಾಗಿ ಪ್ರಾರ್ಥನೆಗಳನ್ನು ಬರೆದುಕೊಟ್ಟರು. ತಮ್ಮೊಳಗಿನ ಕತ್ತಲೆ, ಒಂಟಿತನ, ಅಧೈರ್ಯ, ಅಶಾಂತಿಯನ್ನು ಹೆಸರಿಟ್ಟು ಹೇಳಿ, ಅದರ ಪಕ್ಕದಲ್ಲೇ ದೇವರ ಬೆಳಕನ್ನೂ ಸಹಾಯವನ್ನೂ ಇಡುವ ಪ್ರಾರ್ಥನೆಗಳವು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು. ಪ್ರಾರ್ಥನೆ ಅವರನ್ನು ಸೆರೆಯಿಂದ ಬಿಡಿಸಲಿಲ್ಲ. ಪೌಲನೂ ತನ್ನ ದೇಹದಲ್ಲಿ ನಾಟಿದ ಮುಳ್ಳಿನಂಥ ನೋವನ್ನು ತೆಗೆಯಬೇಕೆಂದು ಮೂರು ಸಲ ಬೇಡಿದ್ದ. ನೋವು ಉಳಿಯಿತು, ತಾಳುವ ಕೃಪೆ ಸಿಕ್ಕಿತು ಎಂದು ಕೊರಿಂಥದವರಿಗೆ ಬರೆದಿದ್ದಾನೆ. ನಂಬಿಕೆ ಸಾಕಷ್ಟಿದ್ದರೆ ಕಾಯಿಲೆ, ಸಾಲ ಎಲ್ಲ ತೀರುತ್ತವೆಂದು ಸಾರುವವರ ಮಾತಿಗೆ ಇವರ ಬರಹಗಳಲ್ಲಿ ಆಧಾರವಿಲ್ಲ. ಆ ಮಾತು ನಂಬಿ ಸೋತವರು ತಮ್ಮ ನಂಬಿಕೆಯೇ ಕಡಿಮೆಯಿತ್ತೆಂದು ಇನ್ನೊಂದು ಹೊರೆ ಹೊರುತ್ತಾರೆ.

ಕರ್ನಾಟಕದ ಕ್ರೈಸ್ತ ಮನೆಗಳಲ್ಲಿ ಈ ಪರಂಪರೆ ದಿನದ ರೂಢಿಯಾಗಿ ಬಂದಿದೆ. ಕರಾವಳಿಯ ಕ್ಯಾಥೊಲಿಕರು ಸಂಜೆ ಕೊಂಕಣಿಯಲ್ಲಿ ತೇರ್ಸ್ ಹೇಳುತ್ತಾರೆ. ಕನ್ನಡ ಮಾತಾಡುವ ಕ್ಯಾಥೊಲಿಕರ ಮನೆಗಳಲ್ಲಿ ಅದೇ ಜಪಮಾಲೆ ಪ್ರಾರ್ಥನೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯವರಲ್ಲಿ ಬೈಬಲ್ ಓದಿ, ಹಾಡಿ, ಒಬ್ಬೊಬ್ಬರ ಅಗತ್ಯವನ್ನೂ ಹೆಸರಿಸುವ ಕುಟುಂಬ ಪ್ರಾರ್ಥನೆ ಬೆಳೆಯಿತು.   ಮನೆಯ ಪ್ರಾರ್ಥನೆ ಹೆಚ್ಚು ಹೊತ್ತು ಬೇಡುವುದಿಲ್ಲ. ಒಂದು ಕೀರ್ತನೆಯನ್ನು ನಿಧಾನವಾಗಿ ಓದುವುದು, ಅದರಲ್ಲಿ ಮನಸ್ಸಿಗೆ ತಾಗಿದ ಮಾತಿನ ಬಳಿ ನಿಲ್ಲುವುದು, ಆ ದಿನದ ಭಯವನ್ನೂ ಸಿಟ್ಟನ್ನೂ ಹೆಸರಿಟ್ಟು ಹೇಳುವುದು, ಸ್ವಲ್ಪ ಹೊತ್ತು ಸುಮ್ಮನಿರುವುದು. ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲ ಕಲಿಸಿದ ರಾತ್ರಿಯ ಆತ್ಮಪರಿಶೀಲನೆಯನ್ನೂ ಇದಕ್ಕೆ ಸೇರಿಸಿಕೊಳ್ಳಬಹುದು: ಮೊದಲು ದಿನದ ಒಳಿತಿಗೆ ಕೃತಜ್ಞತೆ, ಆಮೇಲೆ ತಪ್ಪಿನ ಅರಿಕೆ, ಕೊನೆಗೆ ನಾಳೆಗೆ ಬೇಕಾದ ಕೃಪೆಯ ಬೇಡಿಕೆ.

ದೇಹ ಸೋತಾಗ ಪ್ರಾರ್ಥನೆಗೂ ಮುಂಚೆ ಬೇಕಾದದ್ದು ಆರೈಕೆ. ಅರಸುಗಳ ಗ್ರಂಥದಲ್ಲಿ ಪ್ರವಾದಿ ಎಲೀಯ ಮರುಭೂಮಿಯ ಗಿಡದ ಕೆಳಗೆ ಕೂತು, ಸಾಕು, ತನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡುತ್ತಾನೆ. ಅವನಿಗೆ ಬೋಧನೆಯಾಗಲಿ ಗದರಿಕೆಯಾಗಲಿ ಸಿಗುವುದಿಲ್ಲ. ದೂತ ಬಂದು ರೊಟ್ಟಿ, ನೀರು ಕೊಡುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ಎರಡನೆಯ ಸಲವೂ ಊಟ ಬರುತ್ತದೆ. ದೇವರ ಧ್ವನಿ ಕೇಳುವುದು ಇದೆಲ್ಲ ಆದ ಮೇಲೆ. ಖಿನ್ನತೆ, ನಿದ್ರಾಹೀನತೆ, ಆತಂಕದ ಕಾಯಿಲೆಗಳಿಗೆ ವೈದ್ಯರನ್ನು ಕಾಣುವುದು ನಂಬಿಕೆಯ ಕೊರತೆ ಎಂದು ಹೇಳುವವರಿಗೆ ಈ ಅಧ್ಯಾಯವನ್ನು ಓದಿಸಬೇಕು.

ತಾವೇ ಪ್ರಾರ್ಥಿಸಲಾರದ ಸ್ಥಿತಿಯಲ್ಲಿ ಇರುವವರಿಗೂ ಕ್ರೈಸ್ತ ಸಮುದಾಯ ಜಾಗ ಇಟ್ಟಿದೆ. ಮಾರ್ಕನ ಸುವಾರ್ತೆಯಲ್ಲಿ ಪಾರ್ಶ್ವವಾಯು ಬಡಿದವನೊಬ್ಬನನ್ನು ನಾಲ್ವರು ಹೊತ್ತು ತಂದು, ಮಾಡು ಬಿಚ್ಚಿ ಯೇಸುವಿನ ಮುಂದೆ ಇಳಿಸುತ್ತಾರೆ. ಅಲ್ಲಿ ಯೇಸು ಕಂಡದ್ದು ಹೊತ್ತುತಂದವರ ನಂಬಿಕೆಯನ್ನು. ಭಾನುವಾರದ ಆರಾಧನೆಯಲ್ಲಿ ರೋಗಿಗಳ, ದುಃಖದಲ್ಲಿರುವವರ ಹೆಸರು ಓದಿ ಎಲ್ಲರೂ ಅವರಿಗಾಗಿ ಬೇಡುವುದು, ಕಾರ್ಮೆಲ್‌ನಂಥ ಮಠಗಳಲ್ಲಿ ಹೊರಗಿನ ಜನರ ಕೋರಿಕೆಗಳಿಗಾಗಿ ಪ್ರಾರ್ಥಿಸುವುದು ಈ ತಿಳಿವಳಿಕೆಯಿಂದಲೇ. ಮಾತು ಬತ್ತಿದವರು ಆ ಹೊತ್ತಿಗೆ ಬೇರೆಯವರ ಪ್ರಾರ್ಥನೆಗೆ ಒರಗಿಕೊಳ್ಳಬಹುದು, ತಮ್ಮ ಸರದಿ ಬಂದಾಗ ಇನ್ನೊಬ್ಬರಿಗಾಗಿ ಪ್ರಾರ್ಥಿಸಬಹುದು.